ಮನೆ ಬಿಟ್ಟರೂ ಬಾರದ ಡಿಪಾಜಿಟ್

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಪುಣೆಯ ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟೊಂದರಲ್ಲಿ ತಿಂಗಳಿಗೆ ₹24,000ದಂತೆ ಹತ್ತೊಂಬತ್ತು ತಿಂಗಳು ಬಾಡಿಗೆಗಿದ್ದೆವು. ಡಿಪಾಜಿಟ್ ₹1,20,000 ಕೊಟ್ಟಿದ್ದೆವು. ಅದರಲ್ಲಿ ₹1,00,000 ಬ್ಯಾಂಕಿನ ಮೂಲಕ, ₹20,000 ನಗದು. ಕರಾರಿನಲ್ಲಿ ಬರೆದಿರುವುದು ₹1,00,000 ಮಾತ್ರ. ಮೊದಲ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಬಾಡಿಗೆಯ ಹಕ್ಕಿನ ಬದಲು ವಾಸಕ್ಕೆ ಅನುಮತಿಯನ್ನಷ್ಟೇ ಕೊಡುವ ಕರಾರು) ನೋಂದಣಿಯಾಗಿತ್ತು. ಎರಡನೆಯದಕ್ಕೆ ‘ನೋಟರಿ ಸಾಕು’ ಎಂದು ಏಜೆಂಟರು ಹೇಳಿದ್ದರಿಂದ ಅಷ್ಟಕ್ಕೇ ಬಿಟ್ಟೆವು. ಒಂದು ತಿಂಗಳ ನೋಟಿಸ್ ಕೊಡಬೇಕೆಂದು ಕರಾರಿನಲ್ಲಿತ್ತು. ಜನವರಿ 13ರಂದು ವಾಟ್ಸಾಪ್‌ನಲ್ಲಿ ತಿಳಿಸಿ 31ರಂದು ಮನೆ ಖಾಲಿ ಮಾಡಿದೆವು. ಮಾಲೀಕರು ಮಾರ್ಚ್ ತಿಂಗಳಲ್ಲಿ ₹30,000 ಮಾತ್ರ ಕಳಿಸಿ, ₹1,20,000ದಿಂದ ಹೀಗೆ ಕಳೆದಿದ್ದಾಗಿ ಬರೆದರು: ಬಣ್ಣಕ್ಕೆ 41,000, ಅಡುಗೆಮನೆಯ ಟ್ರಾಲಿಗೆ 18,000, ಕ್ಲೀನಿಂಗ್‌ಗೆ 7,000, ನೋಟಿಸ್ ಕೊಡದ್ದಕ್ಕೆ 24,000. ಬಿಲ್ ಕೇಳಿದರೆ ‘ನಾಗಪುರಕ್ಕೆ ಬಂದು ಕೇಸ್ ಹಾಕಿ’ ಎನ್ನುತ್ತಾರೆ, ಅವರಿರುವುದು ಅಲ್ಲಿ. ಫೆಬ್ರವರಿ 6ಕ್ಕೇ ಹೊಸಬರು ಆ ಮನೆಗೆ ಬಂದಿದ್ದಾರೆಂದು ಪಕ್ಕದವರು ಹೇಳಿದರು. ಬಾಗಿಲಿನ ಒಂದು ಕೀಲಿ ಇನ್ನೂ ನಮ್ಮಲ್ಲೇ ಇದೆ. ಪೊಲೀಸರಿಗೆ ದೂರು ಕೊಡಬೇಕೆ, ಗ್ರಾಹಕರ ಕೋರ್ಟಿಗೆ ಹೋಗಬೇಕೆ? ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಪಡೆಯುವಂತಿಲ್ಲ ಎಂಬ ಹೊಸ ಕಾನೂನು ಬಂದಿದೆಯಂತಲ್ಲ?

ಉತ್ತರ: ಮೊದಲು ಆ ಕೀಲಿಯ ವಿಷಯ ಮುಗಿಸೋಣ. ನೀವು ಅದನ್ನು ಪತ್ರದ ಕೊನೆಯಲ್ಲಿ ಮರೆತವರಂತೆ ಬರೆದಿದ್ದೀರಿ. ವಕೀಲನಾದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಕಲಂ 24ರ ಪ್ರಕಾರ, ಲೈಸೆನ್ಸ್ ಅವಧಿ ಮುಗಿದ ಮೇಲೂ ವಾಸದ ಮನೆಯ ಸ್ವಾಧೀನ ಬಿಟ್ಟುಕೊಡದವರು ಲೈಸೆನ್ಸ್ ಶುಲ್ಕದ, ಅಂದರೆ ನೀವು ಬಾಡಿಗೆ ಎನ್ನುವ ಹಣದ, ಎರಡರಷ್ಟನ್ನು ನಷ್ಟಪರಿಹಾರವಾಗಿ ಕೊಡಬೇಕಾಗುತ್ತದೆ. ಕೀಲಿ ನಿಮ್ಮಲ್ಲಿದೆ ಎಂಬುದನ್ನೇ ಹಿಡಿದು ‘ಸ್ವಾಧೀನ ಪೂರ್ತಿಯಾಗಿ ಕೊಟ್ಟೇ ಇಲ್ಲ’ ಎಂದು ಎದುರು ಪಕ್ಷದವರು ವಾದ ಹೂಡಬಹುದು. ಫೆಬ್ರವರಿ 6ಕ್ಕೆ ಹೊಸಬರು ಬಂದಿರುವುದರಿಂದ ಆ ವಾದ ಬಹಳ ದೂರ ಹೋಗದು. ಆದರೂ ಅದಕ್ಕೆ ಎಡೆ ಏಕೆ ಕೊಡಬೇಕು? ಕೀಲಿಯನ್ನು ಒಂದು ಸಣ್ಣ ಪತ್ರದೊಡನೆ ಇಂದೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಜನವರಿ 31ರಂದೇ ಮನೆ ಖಾಲಿ ಮಾಡಿ ಸ್ವಾಧೀನ ಬಿಟ್ಟಿದ್ದೀರೆಂದೂ, ಇದು ಕಣ್ತಪ್ಪಿನಿಂದ ಉಳಿದ ಹೆಚ್ಚುವರಿ ಕೀಲಿಯೆಂದೂ ಅದರಲ್ಲಿ ಬರೆಯಿರಿ. ಪತ್ರದ ಪ್ರತಿಯನ್ನೂ ಅಂಚೆಯ ರಸೀತಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಸಾಮಾನು ಸಾಗಿಸಲು ಸೊಸೈಟಿ ಕೊಟ್ಟ ಗೇಟ್ ಪಾಸ್, ಟೆಂಪೋದವರಿಗೆ ಹಣ ಕಳಿಸಿದ ದಾಖಲೆ, ಕೊನೆಯ ಲೈಟ್ ಬಿಲ್ ಇವು ನೀವು ಮನೆ ಬಿಟ್ಟ ದಿನವನ್ನು ತೋರಿಸುತ್ತವೆ. ಅವನ್ನೂ ಹುಡುಕಿ ತೆಗೆಯಿರಿ.

ಇನ್ನು ಹೊಸ ಕಾನೂನು. ನೀವು ಹೇಳುತ್ತಿರುವುದು ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು. ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಸ್ವಾಧೀನ ಪಡೆಯುವಾಗಲೇ ಅದನ್ನು ಮರಳಿಸಬೇಕು ಎಂದು ಅದರಲ್ಲಿರುವುದು ನಿಜ. ಆದರೆ ಬಾಡಿಗೆ ರಾಜ್ಯಪಟ್ಟಿಯ ವಿಷಯ. ಕೇಂದ್ರ ಕೊಟ್ಟಿರುವುದು ರಾಜ್ಯಗಳು ಬೇಕಾದರೆ ಅನುಸರಿಸಬಹುದಾದ ಮಾದರಿಯನ್ನಷ್ಟೇ. ಮಹಾರಾಷ್ಟ್ರದಲ್ಲಿ ನಡೆಯುವುದು 1999ರ ಕಾಯ್ದೆ, ಮತ್ತು ಅದರಲ್ಲಿ ಲೀವ್ ಅಂಡ್ ಲೈಸೆನ್ಸ್ ಠೇವಣಿಗೆ ಇಂತಿಷ್ಟೇ ತಿಂಗಳೆಂಬ ಮಿತಿ ಇಲ್ಲ. ಮೊಬೈಲಿನಲ್ಲಿ ಓಡಾಡುವ ವಿಡಿಯೋ ನಂಬಿ ‘ಎರಡು ತಿಂಗಳ ನಿಯಮ’ವನ್ನು ನೋಟಿಸಿನಲ್ಲಿ ಬರೆದವರನ್ನು ನಾನು ಕಂಡಿದ್ದೇನೆ, ಎದುರು ಪಕ್ಷದ ವಕೀಲರಿಗೆ ಮೊದಲ ಪುಟದಲ್ಲೇ ನಗಲು ಒಂದು ಕಾರಣ ಸಿಕ್ಕಂತಾಗುತ್ತದೆ. ನಿಮ್ಮ ಹಕ್ಕಿಗೆ ಅದರ ಆಸರೆ ಬೇಕಾಗಿಯೂ ಇಲ್ಲ.

ನಿಮ್ಮ ಹಕ್ಕು ನಿಂತಿರುವುದು ಕರಾರಿನ ಮೇಲೆ ಮತ್ತು ಠೇವಣಿಯ ಸ್ವರೂಪದ ಮೇಲೆ. ಮರಾಠಿಯ ಕರಾರುಗಳಲ್ಲಿ ಈ ಹಣಕ್ಕೆ ‘ಅನಾಮತ ರಕ್ಕಮ್’ ಎನ್ನುತ್ತಾರೆ: ಇನ್ನೊಬ್ಬರಲ್ಲಿ ನಂಬಿ ಇಟ್ಟ ಹಣ. ನಮ್ಮ ಮಾತಿನಲ್ಲಿ ಅದೇ ಪದ ‘ಅನಾಮತ್ತಾಗಿ ಎತ್ತಿಕೊಂಡು ಹೋದ’ ಎನ್ನುವಾಗಲೂ ಬರುತ್ತದೆ, ಮತ್ತು ಕೆಲವು ಮಾಲೀಕರು ಕನ್ನಡ ಬಾರದಿದ್ದರೂ ಈ ಎರಡನೆಯ ಅರ್ಥವನ್ನೇ ಆಚರಣೆಗೆ ತರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಠೇವಣಿ ನಿಮ್ಮ ಹಣ, ಮಾಲೀಕರ ಗಳಿಕೆಯಲ್ಲ. ನೀವು ಹಣ ಕೊಟ್ಟದ್ದನ್ನೂ ಮನೆ ಬಿಟ್ಟದ್ದನ್ನೂ ತೋರಿಸಿದರೆ ನಿಮ್ಮ ಕೆಲಸ ಬಹುಮಟ್ಟಿಗೆ ಮುಗಿಯಿತು. ಅದರಿಂದ ಇಷ್ಟು ಕಳೆಯಲು ತಮಗೆ ಹಕ್ಕಿದೆ, ಅಷ್ಟು ನಷ್ಟ ನಿಜವಾಗಿ ಆಗಿದೆ ಎಂದು ತೋರಿಸುವ ಹೊಣೆ ಕಳೆದವರದು. ಬಿಲ್ ಕೇಳಿದಾಗ ನೀವು ಅವರಲ್ಲಿ ದಾಕ್ಷಿಣ್ಯ ಬೇಡುತ್ತಿರಲಿಲ್ಲ ಎಂಬುದು ನಿಮಗೆ ಸ್ಪಷ್ಟವಿರಲಿ.

ಕರಾರಿನಲ್ಲಿ ‘ಬಾಕಿಗಳನ್ನು ಕಳೆದು’ ಎಂದಿದೆಯೋ ‘ಬಾಕಿ ಮತ್ತು ನಷ್ಟಗಳನ್ನು ಕಳೆದು’ ಎಂದಿದೆಯೋ ಒಮ್ಮೆ ಓದಿ ನೋಡಿ. ಬಾಕಿ ಎಂದರೆ ಕಟ್ಟದ ಶುಲ್ಕ, ಲೈಟ್ ಬಿಲ್, ಗ್ಯಾಸ್ ಬಿಲ್. ಕೂಡಿಸಿ ಕಳೆದರೆ ಸಿಗುವ ಮೊತ್ತ. ನಷ್ಟಪರಿಹಾರ ಹಾಗಲ್ಲ. ಅದನ್ನು ನ್ಯಾಯಾಲಯವೋ ಉಭಯ ಪಕ್ಷಗಳ ಒಪ್ಪಂದವೋ ನಿರ್ಧರಿಸುವ ತನಕ ಅದು ಸಾಲವೇ ಆಗುವುದಿಲ್ಲವೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1974ರ ರಾಮನ್ ಐರನ್ ಫೌಂಡ್ರಿ ಪ್ರಕರಣದಲ್ಲಿ ವಿವರಿಸಿದೆ. ಕರಾರಿನಲ್ಲಿ ಬಾಕಿಯ ಮಾತು ಮಾತ್ರ ಇದ್ದರೆ, ತಾವೇ ಅಂದಾಜು ಮಾಡಿದ ನಷ್ಟವನ್ನು ತಾವೇ ಮುರಿದುಕೊಳ್ಳಲು ಮಾಲೀಕರಿಗೆ ಆಧಾರ ಬಹಳ ತೆಳುವಾಗುತ್ತದೆ. ನಷ್ಟದ ಮಾತೂ ಇದ್ದರೆ ಕಳೆಯುವ ಅವಕಾಶ ಅವರಿಗೆ ಇದೆ, ಆದರೆ ನಷ್ಟವನ್ನು ರುಜುವಾತು ಮಾಡುವ ಹೊರೆ ಹಾಗೆಯೇ ಉಳಿಯುತ್ತದೆ.

ಈಗ ಅವರ ಪಟ್ಟಿಗೆ ಬರೋಣ. ಬಣ್ಣಕ್ಕೆ ₹41,000 ಎಂಬುದೇ ಇದರಲ್ಲಿ ದೊಡ್ಡದು, ಮತ್ತು ಅದೇ ದುರ್ಬಲವಾದದ್ದು. ಮನೆಯಲ್ಲಿ ಮನುಷ್ಯರು ಹತ್ತೊಂಬತ್ತು ತಿಂಗಳು ವಾಸ ಮಾಡಿದರೆ ಗೋಡೆ ಮಾಸುತ್ತದೆ, ಸ್ವಿಚ್ಚಿನ ಸುತ್ತ ಕೈಗುರುತು ಬೀಳುತ್ತದೆ, ಕ್ಯಾಲೆಂಡರ್ ತೂಗುಹಾಕಿದ ಮೊಳೆಯ ತೂತು ಉಳಿಯುತ್ತದೆ. ಇದು ಸಹಜ ಬಳಕೆಯ ಸವಕಳಿ. ಆಸ್ತಿ ವರ್ಗಾವಣೆ ಕಾಯ್ದೆ, 1882ರ ಕಲಂ 108, ಗೇಣಿ ಅಥವಾ ಬಾಡಿಗೆಗೆ ಪಡೆದವರು ಆಸ್ತಿಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದು ಹೇಳುವಾಗಲೇ ಇಂಥ ಸವಕಳಿಯನ್ನು ಅದರಿಂದ ಹೊರಗಿಟ್ಟಿದೆ. ನಿಮ್ಮದು ಲೈಸೆನ್ಸ್ ಆದ್ದರಿಂದ ಆ ಕಲಂ ನೇರವಾಗಿ ಅನ್ವಯಿಸದಿದ್ದರೂ, ಬಹುತೇಕ ಎಲ್ಲ ಲೀವ್ ಅಂಡ್ ಲೈಸೆನ್ಸ್ ಕರಾರುಗಳಲ್ಲಿ ಇದೇ ಅರ್ಥದ ವಾಕ್ಯವೊಂದು ಇರುತ್ತದೆ. ಮನೆ ಬಿಡುವಾಗ ಬಣ್ಣದ ಖರ್ಚು ಕೊಡಬೇಕೆಂಬ ಪ್ರತ್ಯೇಕ ಷರತ್ತು ನಿಮ್ಮ ಕರಾರಿನಲ್ಲಿ ಇದೆಯೇ ಎಂದು ನೋಡಿ. ಮುಂಬಯಿ, ಪುಣೆಗಳಲ್ಲಿ ಇಂಥ ಷರತ್ತು ಸೇರಿಸುವ ರೂಢಿ ಹೆಚ್ಚುತ್ತಿದೆ. ಇದ್ದರೆ ನೀವು ಸಹಿ ಹಾಕಿದ ಮಾತಿಗೆ ಬೆಲೆ ಇದೆ. ಆಗಲೂ ಭಾರತೀಯ ಕರಾರು ಕಾಯ್ದೆ, 1872ರ ಕಲಂ 74ರ ಪ್ರಕಾರ ಸಿಗುವುದು ಗೊತ್ತುಮಾಡಿದ ಮೊತ್ತವನ್ನು ಮೀರದ ‘ನ್ಯಾಯಯುತ ಪರಿಹಾರ’ ಮಾತ್ರ. ನಷ್ಟವೇ ಆಗದಿರುವಾಗ ಹಣ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲವೆಂದು 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ನೀವು ಬಿಟ್ಟದ್ದು ಜನವರಿ 31, ಹೊಸಬರು ಬಂದದ್ದು ಫೆಬ್ರವರಿ 6. ನಡುವೆ ಐದು ದಿನ. ಆ ಐದು ದಿನಗಳಲ್ಲಿ ಇಡೀ ಫ್ಲ್ಯಾಟಿಗೆ ಬಣ್ಣ ಬಳಿದಿದ್ದರೆ ಕೆಲಸದವರು ಗೇಟಿನಲ್ಲಿ ಹೆಸರು ಬರೆಸಿಯೇ ಒಳಗೆ ಬಂದಿರಬೇಕು, ಬಣ್ಣದ ಅಂಗಡಿಯ ಬಿಲ್ಲಿನಲ್ಲಿ ತಾರೀಕು ಇರಬೇಕು. ನೋಟಿಸಿನಲ್ಲಿ ಕೇಳಬೇಕಾದದ್ದು ಈ ಎರಡು ಕಾಗದಗಳನ್ನೇ.

ಟ್ರಾಲಿಯ ವಿಷಯದಲ್ಲಿ ನಾನು ನಿಮ್ಮ ಪರ ಅಷ್ಟು ಗಟ್ಟಿಯಾಗಿ ಮಾತಾಡಲಾರೆ, ಏಕೆಂದರೆ ಅದು ಹೇಗಿತ್ತೆಂದು ನೀವು ಬರೆದಿಲ್ಲ. ಸಿಂಕಿನ ಕೆಳಗಿನ ತೇವಕ್ಕೆ ಪ್ಲೈವುಡ್ ಉಬ್ಬಿ ಸ್ಟೀಲಿನ ಚಾನೆಲ್ ತುಕ್ಕು ಹಿಡಿದಿದ್ದರೆ ಅದು ಕಟ್ಟಡದ ದೋಷವೋ ಹಳತಾದ ಸಾಮಾನಿನ ಗುಣವೋ ಆಗುತ್ತದೆ. ತುಂಬಿದ ಡ್ರಾಯರನ್ನು ಎಳೆದು ಮುರಿದಿದ್ದರೆ ದುರಸ್ತಿಯ ಖರ್ಚು ನಿಮ್ಮದು. ಆಗಲೂ ಹಳೆಯ ಟ್ರಾಲಿಯ ಜಾಗಕ್ಕೆ ಹೊಸದನ್ನು ಹಾಕಿಸಿಕೊಂಡು ಅದರ ಪೂರ್ತಿ ಬೆಲೆ ನಿಮ್ಮಿಂದ ವಸೂಲು ಮಾಡುವಂತಿಲ್ಲ. ಮನೆಗೆ ಬಂದ ದಿನ ಅಥವಾ ಬಿಟ್ಟ ದಿನ ತೆಗೆದ ಫೋಟೋಗಳಲ್ಲಿ ಅಡುಗೆಮನೆ ಕಾಣುತ್ತದೆಯೇ ಎಂದು ಹುಡುಕಿ. ಹುಟ್ಟುಹಬ್ಬದ ಫೋಟೋವೊಂದರ ಹಿನ್ನೆಲೆಯಲ್ಲಿ ಕಂಡ ಗೋಡೆಯ ತೇವದ ಕಲೆಯಿಂದ ನನ್ನ ಕಕ್ಷಿದಾರರೊಬ್ಬರ ವ್ಯವಹಾರ ಇತ್ಯರ್ಥವಾದದ್ದುಂಟು. ಕ್ಲೀನಿಂಗ್‌ನ ₹7,000ಕ್ಕೆ ಹೆಚ್ಚು ಮಾತು ಬೇಡ: ಬಿಲ್ ಇಲ್ಲದಿದ್ದರೆ ಕಡಿತವೂ ಇಲ್ಲ.

ನೋಟಿಸ್ ವಿಷಯದಲ್ಲಿ ತಪ್ಪು ನಿಮ್ಮದು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ತಪ್ಪು ಹನ್ನೆರಡು ದಿನದ್ದು, ಒಂದು ತಿಂಗಳದ್ದಲ್ಲ. ಹದಿನೆಂಟು ದಿನ ಮುಂಚೆ ತಿಳಿಸಿದ್ದೀರಿ, ಆದ್ದರಿಂದ ಹೆಚ್ಚೆಂದರೆ ₹9,600. ನಿಜವಾದ ನಷ್ಟವನ್ನೇ ಲೆಕ್ಕ ಹಿಡಿದರೆ ಮನೆ ಖಾಲಿ ಇದ್ದದ್ದು ಐದೇ ದಿನ, ಅಂದರೆ ₹4,000. ಆರನೆಯ ದಿನದಿಂದ ಹೊಸಬರ ಶುಲ್ಕ ಬರತೊಡಗಿದೆ, ಒಂದೇ ದಿನಕ್ಕೆ ಇಬ್ಬರಿಂದ ಶುಲ್ಕ ಪಡೆಯುವುದು ನಷ್ಟವಲ್ಲ. ನನ್ನ ಸಲಹೆ ಕೇಳಿದರೆ ₹9,600ನ್ನು ನೀವಾಗಿಯೇ ಬಿಟ್ಟುಕೊಟ್ಟು ₹80,400 ಕೇಳಿ. ತನ್ನ ಕಡೆಯ ಕುಂದನ್ನು ತಾನೇ ಕಳೆದುಕೊಂಡು ಬಂದವರ ಲೆಕ್ಕವನ್ನು ನ್ಯಾಯಾಧೀಶರು ಬೇರೆಯೇ ಗೌರವದಿಂದ ನೋಡುತ್ತಾರೆ.

ನಗದಾಗಿ ಕೊಟ್ಟ ₹20,000ದ ಬಗ್ಗೆ ನೀವು ಆಸೆ ಬಿಟ್ಟಂತೆ ಕಾಣುತ್ತದೆ. ಲಿಖಿತ ಕರಾರಿನಲ್ಲಿ ₹1,00,000 ಎಂದಿರುವಾಗ ಬಾಯಿಮಾತಿನಿಂದ ಹೆಚ್ಚಿನದನ್ನು ಸಾಬೀತು ಮಾಡುವುದು ಸಾಮಾನ್ಯವಾಗಿ ಕಷ್ಟವೇ. ಆದರೆ ಮಾಲೀಕರು ತಮ್ಮ ಕೈಯಾರೆ ಬರೆದ ಲೆಕ್ಕ ₹1,20,000ದಿಂದ ಆರಂಭವಾಗಿದೆ. ಅದರಲ್ಲಿ ₹90,000 ಕಳೆದೇ ₹30,000 ಕಳಿಸಿದ್ದಾರೆ. ಪೂರ್ತಿ ಮೊತ್ತ ತಮಗೆ ಬಂದಿತ್ತೆಂಬ ಒಪ್ಪಿಗೆಯೇ ಅದು. ಆ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ಸ್ಕ್ರೀನ್‌ಶಾಟ್ ಜೊತೆಗೆ ಇಡೀ ಸಂಭಾಷಣೆಯನ್ನು ತೆಗೆದಿಡಿ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ಪ್ರಮಾಣಪತ್ರ ಬೇಕು. ಏಜೆಂಟರೊಡನೆ ಕನ್ನಡದಲ್ಲಿ ನಡೆದ ಮಾತು, ಧ್ವನಿ ಸಂದೇಶ ಏನಾದರೂ ಇದ್ದರೆ ಅದನ್ನೂ ಉಳಿಸಿಕೊಳ್ಳಿ. ಪುಣೆಯ ಶಿವಾಜಿನಗರದ ನ್ಯಾಯಾಲಯದಲ್ಲಿ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಜೊತೆಗೆ ಕೊಡಬೇಕಾಗುತ್ತದೆ ಅಷ್ಟೆ.

ಎರಡನೆಯ ಕರಾರು ನೋಂದಣಿಯಾಗದಿರುವುದಕ್ಕೆ ನೀವು ಹೆದರುವುದಕ್ಕಿಂತ ಅವರು ಹೆದರಬೇಕು. 1999ರ ಕಾಯ್ದೆಯ ಕಲಂ 55, ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಬರೆದು ನೋಂದಾಯಿಸುವ ಹೊಣೆಯನ್ನು ಮಾಲೀಕರ ಮೇಲೇ ಹೊರಿಸಿದೆ. ನೋಂದಾಯಿತ ಕರಾರು ಇಲ್ಲದಿದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳುವುದೇ, ವಿರುದ್ಧವಾದದ್ದು ಸಾಬೀತಾಗುವ ತನಕ, ನಿಲ್ಲುತ್ತದೆ. ನೋಂದಾಯಿಸದ ಮಾಲೀಕರಿಗೆ ಮೂರು ತಿಂಗಳವರೆಗೆ ಸೆರೆವಾಸ, ₹5,000ದವರೆಗೆ ದಂಡ, ಅಥವಾ ಎರಡೂ ಆಗಬಹುದು. ನೋಟಿಸಿನಲ್ಲಿ ಇದನ್ನು ಒಂದೇ ವಾಕ್ಯದಲ್ಲಿ, ಬೆದರಿಕೆಯ ದನಿಯಿಲ್ಲದೆ ಬರೆದರೆ ಸಾಕು. ನೋಟರಿಯ ಕಾಗದಕ್ಕೆ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿರದಿದ್ದರೆ, ಬಾಕಿ ಶುಲ್ಕ ಮತ್ತು ದಂಡ ತುಂಬುವ ತನಕ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಪೊಲೀಸ್ ಠಾಣೆಗೆ ಹೋಗುವುದನ್ನು ನಾನು ಪ್ರೋತ್ಸಾಹಿಸಲಾರೆ. ಹಣ ವಾಪಸ್ ಕೊಡದಿರುವುದು ಸಿವಿಲ್ ವ್ಯಾಜ್ಯ. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಅದು ವಂಚನೆಯ ಅಪರಾಧವಾಗುವುದಿಲ್ಲ. ಮನೆ ತನ್ನದಲ್ಲದಿದ್ದರೂ ಮಾಲೀಕನೆಂದು ಹೇಳಿ ಠೇವಣಿ ಪಡೆದವನ ವಿರುದ್ಧ, ಅಥವಾ ನಿಮ್ಮ ಸಾಮಾನನ್ನು ಒಳಗಿಟ್ಟು ಬೀಗ ಹಾಕಿದವನ ವಿರುದ್ಧ ಪೊಲೀಸರ ಬಳಿ ಹೋಗಬೇಕಾದ್ದೇ; ನಿಮ್ಮದು ಆ ಬಗೆಯದಲ್ಲ. ಗ್ರಾಹಕರ ಆಯೋಗವೂ ಮನೆ ಮಾಲೀಕ ಮತ್ತು ಬಾಡಿಗೆದಾರರ ಸಾಮಾನ್ಯ ತಕರಾರಿಗೆ ತಕ್ಕ ಜಾಗವಲ್ಲ. ಊಟ, ಸ್ವಚ್ಛತೆ ಮೊದಲಾದ ಸೇವೆಗಳನ್ನು ಹಣ ಪಡೆದು ಒದಗಿಸುವ ಪಿಜಿಗಳ ವಿಷಯ ಬೇರೆ.

ಹಾಗಾದರೆ ದಾರಿ ಯಾವುದು? ಮೊದಲು ವಕೀಲರ ಮೂಲಕ ಒಂದು ನೋಟಿಸ್, ಇಂಗ್ಲಿಷಿನಲ್ಲಿ ಅಥವಾ ಮರಾಠಿಯಲ್ಲಿ, ಎರಡು ಪುಟ ಮೀರದಂತೆ. ಹಣ ವಸೂಲಿಯ ದಾವೆಗೆ ಮುಂಚೆ ನೋಟಿಸ್ ಕೊಡಲೇಬೇಕೆಂದಿಲ್ಲ. ಆದರೆ ಬಡ್ಡಿ ಕಾಯ್ದೆ, 1978ರ ಕಲಂ 3ರಂತೆ, ಬಡ್ಡಿ ಕೇಳುತ್ತೇವೆಂದು ಲಿಖಿತವಾಗಿ ತಿಳಿಸಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದ್ದರಿಂದ ಆ ವಾಕ್ಯ ನೋಟಿಸಿನಲ್ಲಿ ಇರಲೇಬೇಕು. ‘ಕರಾರಿನಲ್ಲಿ ಬಡ್ಡಿರಹಿತ ಠೇವಣಿ ಎಂದಿದೆಯಲ್ಲ’ ಎಂದು ಅವರು ಹೇಳಬಹುದು; ಹಾಗೆ ಬರೆದಿರುವುದು ನೀವು ಮನೆಯಲ್ಲಿದ್ದ ಕಾಲಕ್ಕೆ, ಕೊಡಬೇಕಾದ ದಿನ ಕಳೆದ ಮೇಲೆ ಅವರು ಇಟ್ಟುಕೊಂಡ ಕಾಲಕ್ಕಲ್ಲ ಎಂಬುದು ಅದಕ್ಕೆ ಉತ್ತರ. ಹದಿನೈದು ದಿನದ ಗಡುವು ಕೊಡಿ, ಬಿಲ್ಲುಗಳನ್ನು ಕೇಳಿ, ನಿಮ್ಮ ₹80,400ರ ಲೆಕ್ಕವನ್ನು ಸಾಲುಸಾಲಾಗಿ ಬರೆಯಿರಿ, ಬೈಗುಳಕ್ಕೆ ಜಾಗ ಕೊಡಬೇಡಿ. ನನ್ನ ಅನುಭವದಲ್ಲಿ ಇಂಥ ವ್ಯವಹಾರಗಳಲ್ಲಿ ಹೆಚ್ಚಿನವು ನೋಟಿಸ್ ಮತ್ತು ಅದರ ಉತ್ತರದ ನಡುವೆಯೇ ಕುದುರುತ್ತವೆ.

ಕುದುರದಿದ್ದರೆ ದಾವೆಗೂ ಮೊದಲು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವಾಪೂರ್ವ ಪ್ರಕರಣವಾಗಿ ಲೋಕ ಅದಾಲತ್‌ನ ಮುಂದೆ ತರಬಹುದು. ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ರಾಜಿಯಾದರೆ ಆ ತೀರ್ಪಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 21ರಂತೆ ಸಿವಿಲ್ ಡಿಕ್ರಿಯ ಬಲ ಬರುತ್ತದೆ, ಮೇಲ್ಮನವಿ ಇಲ್ಲ. ಇದರ ಕೊರತೆ ಒಂದೇ: ಎದುರು ಪಕ್ಷದವರು ಬರಬೇಕು, ಒಪ್ಪಬೇಕು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಅದೇ ಕಾಯ್ದೆಯಡಿ ಸಿಗುತ್ತದೆ. ಕರಾರು ಪತ್ನಿಯ ಹೆಸರಿನಲ್ಲಿದ್ದರೆ ಇದನ್ನು ಮರೆಯಬೇಡಿ.

ಕೊನೆಗೆ ಉಳಿಯುವುದು ದಾವೆ. ನಾಗಪುರಕ್ಕೆ ಹೋಗುವ ಅಗತ್ಯವಿಲ್ಲ: ಮನೆ ಇರುವುದು, ಕರಾರಾದದ್ದು, ಹಣ ಮರಳಬೇಕಾಗಿದ್ದದ್ದು ಎಲ್ಲವೂ ಪುಣೆಯಲ್ಲಿ, ಆದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 20ರಂತೆ ಇಲ್ಲಿಯೇ ಹೂಡಬಹುದು. ಲೈಸೆನ್ಸ್ ಕೊಟ್ಟವರ ಮತ್ತು ಪಡೆದವರ ನಡುವಿನ ಸ್ವಾಧೀನ, ಶುಲ್ಕದ ದಾವೆಗಳನ್ನು ಮಹಾರಾಷ್ಟ್ರದಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯಕ್ಕೆ ವಹಿಸಲಾಗಿದೆ. ಠೇವಣಿ ವಾಪಸಾತಿಯೂ ಅದರೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಒಳಗಾಗಿರುವ ಪ್ರಶ್ನೆಯಾದ್ದರಿಂದ, ಯಾವ ನ್ಯಾಯಾಲಯವೆಂಬುದನ್ನು ನಿಮ್ಮ ವಕೀಲರು ಕರಾರು ಓದಿದ ಮೇಲೇ ಗೊತ್ತುಮಾಡಲಿ. ಜಾಗ ತಪ್ಪಿದರೆ ದಾವಾಪತ್ರ ಹಿಂದಕ್ಕೆ ಬರುತ್ತದೆ; ಹಕ್ಕು ಹೋಗುವುದಿಲ್ಲ, ತಿಂಗಳುಗಳು ಹೋಗುತ್ತವೆ. ಲಿಖಿತ ಕರಾರಿನಿಂದ ಹುಟ್ಟಿದ ನಿಶ್ಚಿತ ಮೊತ್ತವೆಂದು ಅದೇ ಸಂಹಿತೆಯ ಆದೇಶ 37ರ ಸಂಕ್ಷಿಪ್ತ ದಾವೆ ಹೂಡುವುದೂ ಸಾಧ್ಯ. ಅದರಲ್ಲಿ ಪ್ರತಿವಾದಿ ಹತ್ತು ದಿನಗಳೊಳಗೆ ಹಾಜರಾಗಬೇಕು ಮತ್ತು ಎದುರಿಸಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಕಡಿತದ ಕಥೆ ಹೇಳಿ ಅವರು ಅನುಮತಿ ಪಡೆಯುವ ಸಂಭವ ಇದ್ದೇ ಇದೆ, ಆದರೆ ಹಣವನ್ನು ನ್ಯಾಯಾಲಯದಲ್ಲಿ ಇಡಬೇಕೆಂಬ ಷರತ್ತಿನ ಮೇಲೆ ಅನುಮತಿ ಕೊಡುವುದುಂಟು, ಅದೇ ನಿಮಗೆ ದೊಡ್ಡ ಅನುಕೂಲ. ಹಣ ಕೊಡಬೇಕಾದ ದಿನದಿಂದ ಮೂರು ವರ್ಷ ನಿಮಗೆ ಕಾಲಾವಕಾಶವಿದೆ. ಹಾಗೆಂದು ಕಾಯಬೇಡಿ, ಹೊಸಬರೂ ಪಕ್ಕದವರೂ ಮನೆ ಬದಲಾಯಿಸುತ್ತಾರೆ, ಸೊಸೈಟಿಯ ಗೇಟಿನ ದಾಖಲೆಗಳು ಮೂರು ವರ್ಷ ಉಳಿಯುವುದಿಲ್ಲ.

ಅವರು ರಾಜಿಗೆ ಬಂದು ಚೆಕ್ ಕೊಟ್ಟರೆ ತೆಗೆದುಕೊಳ್ಳಿ. ಚೆಕ್‌ನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು; ಹಣವಿಲ್ಲದೆ ಮರಳಿದರೆ, ಬ್ಯಾಂಕಿನ ಮೆಮೊ ಕೈಸೇರಿದ ಮೂವತ್ತು ದಿನಗಳೊಳಗೆ ನೋಟಿಸ್ ಕೊಟ್ಟು, ಹದಿನೈದು ದಿನ ಕಾದು, ನಂತರದ ಒಂದು ತಿಂಗಳೊಳಗೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ ಕಲಂ 138ರಡಿ ದೂರು ಸಲ್ಲಿಸಬಹುದು, ಮತ್ತು ಅಲ್ಲಿಗೆ ಸಿವಿಲ್ ವ್ಯಾಜ್ಯವೇ ಕ್ರಿಮಿನಲ್ ಸ್ವರೂಪ ಪಡೆಯುತ್ತದೆ. ರಾಜಿ ಪತ್ರದಲ್ಲಿ ‘ಇನ್ನು ಯಾವುದೇ ಬಾಕಿ ಇಲ್ಲ’ ಎಂದು ಬರೆಯುವಂತೆ ಅವರು ಕೇಳುವುದು ಖಂಡಿತ. ಅದಕ್ಕೆ ಒಪ್ಪಿ, ಆದರೆ ಹಣ ಖಾತೆಗೆ ಜಮೆಯಾದ ದಿನದಿಂದ ಮಾತ್ರ ಆ ಮಾತು ಜಾರಿಗೆ ಬರುತ್ತದೆ ಎಂದು ಅದೇ ಪತ್ರದಲ್ಲಿ ಸೇರಿಸಿದ ಮೇಲೆಯೇ ಸಹಿ ಹಾಕಿ.